ಆರನೇ ನಂಬರಿನ ಬಟ್ಟೆ

ಆಕೆ ಮೂರನೇ ಸಲ ಎಣಿಸುತ್ತಿದ್ದಳು. ಗ್ಯಾರೇಜಿನ ಗೋಡೆಯ ಮೊಳೆಯಿಂದ ಒರೆಸುವ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ, ಮೂಲೆಯಲ್ಲಿ ಕೆಂಪು ದಾರದಿಂದ ಹೊಲಿದಿದ್ದ ಅಂಕಿಯನ್ನು ಬೆರಳಿನಿಂದ ಸವರಿ ನೋಡಿ, ಬೆಂಚಿನ ಮೇಲೆ ಇಡುತ್ತಿದ್ದಳು. ಒಂದು, ಎರಡು, ಮೂರು, ನಾಲ್ಕು, ಐದು, ಏಳು, ಎಂಟು. ಆರು ಇಲ್ಲ.

ಗೋಡೆಯ ಆಚೆ ಮನೆಯಲ್ಲಿ ಅವಳ ಗಂಡನನ್ನು ಮಲಗಿಸಿದ್ದ ಪೆಟ್ಟಿಗೆಗೆ ಯಾವಾಗ ಮುಚ್ಚಳ ಹಾಕಬೇಕೆಂಬ ಮಾತು ನಡೆದಿತ್ತು. ಬಂದವರಲ್ಲಿ ವಯಸ್ಸಾದವರು ಹೆಚ್ಚು, ಕೂರಲು ಜಾಗ ಕಡಿಮೆ. ಇನ್ನೆರಡು ಸ್ಟೂಲು ತರುತ್ತೇನೆಂದು ಆಕೆ ಗ್ಯಾರೇಜಿಗೆ ಬಂದಿದ್ದಳು. ಸ್ಟೂಲಿನತ್ತ ಹೋಗಬೇಕಿದ್ದ ಕೈ ರೂಢಿಯಂತೆ ಮೊಳೆಯತ್ತ ಹೋಗಿತ್ತು.

ಸತ್ತವನನ್ನು ಜನ ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಎಂಜಿನ್ನಿಗೆ ಮುಟ್ಟಿಸಿ, ಯಾವ ಬೇರಿಂಗು ಸವೆದಿದೆ ಎಂದು ಬಿಚ್ಚುವ ಮೊದಲೇ ಹೇಳುತ್ತಿದ್ದ. ಹೆಂಡತಿಯ ಮಾತೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಆ ಕಿವಿಗೆ ಕೇಳಿಸುತ್ತದೆ ಎಂದು ಆಕೆ ಬಂದವರನ್ನು ನಗಿಸುವುದಿತ್ತು.

ಅವನ ಗ್ಯಾರೇಜಿಗೆ ಒಂದೇ ಕಾನೂನು. ಎಂಜಿನ್ನಿನ ಯಾವ ಬಾಯಿ ಬಿಚ್ಚಿದರೂ ತಕ್ಷಣ ಅದಕ್ಕೊಂದು ಬಟ್ಟೆ ತುರುಕಬೇಕು. ಒಳಗೆ ಒಂದು ನಟ್ಟಾಗಲಿ ಚಿಟಿಕೆ ಮಣ್ಣಾಗಲಿ ಬೀಳಬಾರದು. ಕೆಲಸ ಮುಗಿದ ಮೇಲೆ ಎಂಟೂ ಬಟ್ಟೆ ಮೊಳೆಗೆ ವಾಪಸ್ಸು ಬರುವವರೆಗೆ ಬಾನೆಟ್ ಮುಚ್ಚಬಾರದು.

ಅವನ ಕೊನೆಯ ಕೆಲಸ ಈಗ ಮನೆ ಬಾಗಿಲಲ್ಲೇ ನಿಂತಿತ್ತು. ಹೆಣ ಸಾಗಿಸುವ ಉದ್ದನೆಯ ಕಪ್ಪು ಕಾರು. ಟರ್ಬೊ ಇರುವ ಡೀಸೆಲ್ ಗಾಡಿ, ಇಪ್ಪತ್ತೆರಡು ವರ್ಷ ಹಳೆಯದು. ಜನ ಅದಕ್ಕೆ ಕೊನೇ ಬಸ್ಸು ಎಂದು ಹೆಸರಿಟ್ಟಿದ್ದರು. ಇದುವರೆಗೆ ಯಾರಿಗೂ ತಪ್ಪಿಹೋಗದ ಬಸ್ಸು. ಮೂರು ದಿನ ಅದರ ಕೆಲಸ ನಡೆದಿತ್ತು. ಮೂರನೇ ಸಂಜೆ ಗಾಡಿ ಹೋಯಿತು. ಮರುದಿನ ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಬಗ್ಗಿ ಶೂ ದಾರ ಕಟ್ಟುತ್ತಿದ್ದ ಮೇಸ್ತ್ರಿ ಮತ್ತೆ ತಲೆ ಎತ್ತಲಿಲ್ಲ.

ಆಕೆ ಬೆಂಚಿನ ಕೆಳಗಿನ ತಗಡಿನ ತಟ್ಟೆಯನ್ನು ಎಳೆದಳು. ಗಾಡಿಯಿಂದ ಬಿಚ್ಚಿದ ಹಳೇ ಸಾಮಾನು ಸಾಲಾಗಿ ಕೂತಿತ್ತು. ಶಾಫ್ಟು ಲೊಡಲೊಡ ಆಡುವ ಹಳೇ ಟರ್ಬೊ, ಬಿರುಕು ಬಿಟ್ಟ ಬೆಲ್ಟು, ಮಸಿ ಹಿಡಿದ ಮೂರು ಫಿಲ್ಟರು: ಗಾಳಿಯದು, ಆಯಿಲ್ಲಿನದು, ಡೀಸೆಲ್ಲಿನದು. ಆಯಿಲ್ ಫಿಲ್ಟರಿನ ರಬ್ಬರ್ ರಿಂಗು ಅದರ ಜೊತೆಗೇ ಬಂದಿತ್ತು. ಎಂಜಿನ್ನಿಗೆ ಅಂಟಿಕೊಂಡು ಉಳಿದಿರಲಿಲ್ಲ. ಎಲ್ಲ ಸರಿಯಾಗಿತ್ತು. ತೊಳೆಯುವ ಬಕೆಟ್ಟು, ಅವನ ಕೆಲಸದ ಅಂಗಿಯ ಜೇಬು, ಬೆಂಚಿನ ಸಂದು, ಎಲ್ಲ ಕಡೆ ಹುಡುಕಿದಳು. ಬಟ್ಟೆ ಸಿಗಲಿಲ್ಲ. 

ಟರ್ಬೊ ಎಂದರೆ ಒಂದು ಪುಟ್ಟ ಗಾಳಿಚಕ್ರ. ಹೊಗೆಯ ರಭಸಕ್ಕೆ ಗಿರಗಿರ ತಿರುಗಿ ಹೊರಗಿನ ಗಾಳಿಯನ್ನು ಎಂಜಿನ್ನಿನೊಳಕ್ಕೆ ದಬ್ಬುತ್ತದೆ. ಗಾಳಿ ಬರುವ ಪೈಪಿನಲ್ಲಿ ಬಟ್ಟೆ ಉಳಿದಿದ್ದರೆ, ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಓಡಿಸುವಾಗ ಅಷ್ಟು ಗೊತ್ತಾಗುವುದಿಲ್ಲ. ಏರು ಹತ್ತುವಾಗ ಎಂಜಿನ್ನು ಹೆಚ್ಚು ಗಾಳಿ ಕೇಳುತ್ತದೆ, ಚಕ್ರ ಬಟ್ಟೆಯನ್ನು ಎಳೆದುಕೊಳ್ಳುತ್ತದೆ. ಚಕ್ರ ಮುರಿದು ಎಂಜಿನ್ನು ಕೆಟ್ಟು ನಿಂತರೆ ಬ್ರೇಕ್ ಪೆಡಲು ಕಲ್ಲಿನಂತೆ ಗಟ್ಟಿಯಾಗಿ, ಗಾಡಿ ಹಿಂದಕ್ಕೆ ಜಾರುತ್ತದೆ. ಸ್ಮಶಾನ ಇದ್ದದ್ದು ದಿಣ್ಣೆಯ ಮೇಲೆ, ಕಡಿದಾದ ಏರಿನ ತುದಿಯಲ್ಲಿ. ಗಾಡಿಯ ಹಿಂದೆ ಜನ ನಡೆದು ಹೋಗುವವರಿದ್ದರು.

“ಅತ್ತಿಗೆ, ಎರಡು ಸ್ಟೂಲು ತರೋಕೆ ಇಷ್ಟು ಹೊತ್ತಾ? ಎಲ್ಲರೂ ಕಾಯ್ತಿದ್ದಾರೆ.”

ಬಾಗಿಲಲ್ಲಿ ಮೈದುನ ನಿಂತಿದ್ದ. ಎರಡು ಬೀದಿ ಆಚೆ ಅವನದು ವಾಹನದ ಬಿಡಿಭಾಗದ ಅಂಗಡಿ. ಅಣ್ಣನ ಗ್ಯಾರೇಜನ್ನು ಅಣ್ಣನ ಹೆಸರಿನಲ್ಲೇ ನಡೆಸುತ್ತೇನೆಂದು ಬೆಳಿಗ್ಗೆಯಿಂದ ಬಂದವರಿಗೆಲ್ಲ ಹೇಳುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿಗೆ ಗ್ಯಾರೇಜಿನ ಮಸಿ ತಾಗದಿರಲೆಂದು ಹೊಸ್ತಿಲಿನಿಂದ ಒಳಗೆ ಬರಲಿಲ್ಲ.

“ಒಂದು ಬಟ್ಟೆ ಕಮ್ಮಿ ಇದೆ. ಆರನೇದು. ಗಾಡಿ ಒಳಗೇ ಉಳಿದಿದೆ ಅನ್ಸುತ್ತೆ.”

ಅವನು ನಗುವುದೋ ಬಿಡುವುದೋ ತಿಳಿಯದೆ ಅವಳ ಮುಖ ನೋಡಿದ. “ಅಣ್ಣ ಬಟ್ಟೆ ಮರೆತನಾ? ಒಳ್ಳೇ ಮಾತು. ಸೂರ್ಯ ಹುಟ್ಟೋದು ಮರೆತ ಅನ್ನು, ನಂಬ್ತೀನಿ. ದುಃಖದಲ್ಲಿ ಏನೇನೋ ಅನ್ಸುತ್ತೆ ಅತ್ತಿಗೆ, ಬಾ.”

ಆಕೆ ಸ್ಟೂಲು ಎತ್ತಿಕೊಂಡಳು. ಹೇಳುವಂತಿರಲಿಲ್ಲ. ಮಾತು ಕೊಟ್ಟಿದ್ದಳು.

*

ಮಾತು ಕೊಟ್ಟದ್ದು ಒಂದು ವರ್ಷದ ಹಿಂದೆ. ಮಧ್ಯಾಹ್ನ ಊಟಕ್ಕೆ ಕರೆಯಲು ಬಂದವಳಿಗೆ ಗ್ಯಾರೇಜಿನ ನೆಲದ ತುಂಬ ಹೊಸ ಆಯಿಲ್ ಹರಿಯುತ್ತಿರುವುದು ಕಂಡಿತು. ಗಂಡ ಎಂಜಿನ್ನಿನ ಕೆಳಗಿನ ಬೋಲ್ಟ್ ಹಾಕದೆಯೇ ಮೇಲಿನಿಂದ ಪೂರ್ತಿ ಡಬ್ಬಿ ಸುರಿದಿದ್ದ. ಖಾಲಿ ಡಬ್ಬಿ ಹಿಡಿದು, ತನ್ನ ಶೂ ನೆನೆಯುವುದನ್ನು ನೋಡುತ್ತ ನಿಂತಿದ್ದ.

“ಇದು ಮೂರನೇ ಸಲ,” ಎಂದ. “ಕೈ ಎಲ್ಲಾ ಮಾಡ್ತಾ ಇರುತ್ತೆ. ತಲೆ ಎಲ್ಲೋ ಹೋಗಿರುತ್ತೆ.”

ಆಕೆ ಬಾಗಿಲು ಹಾಕಿ ಮರದ ಪುಡಿ ಹರಡಿದಳು. ಇಬ್ಬರೂ ಮಂಡಿಯೂರಿ ಬಳಿದರು. ಮಾಡಿದ ಅಡಿಗೆ ಆರಿಹೋಯಿತು.

“ಡಾಕ್ಟರ ಹತ್ರ ಹೋಗೋಣ.”

“ಹೋಗೋಣ. ಆದ್ರೆ ಇದು ಯಾರಿಗೂ ಗೊತ್ತಾಗ್ಬಾರ್ದು. ತಮ್ಮನಿಗೂ ಬೇಡ, ಮಗಳಿಗೂ ಬೇಡ. ನನ್ನ ಮಣ್ಣು ಮಾಡೋವರೆಗೂ ಈ ಮಾತು ಆಚೆ ಬೀಳ್ಬಾರ್ದು. ಈ ಕೆಲಸ ಒಂದು ಬಿಟ್ರೆ ನನಗೆ ಏನು ಬರುತ್ತೆ ಹೇಳು?”

ಅವನ ಕಣ್ಣಲ್ಲಿ ನೀರು ನೋಡಿ ಎಷ್ಟೋ ವರ್ಷವಾಗಿತ್ತು. ಆಕೆ ಆಯ್ತು ಎಂದಳು.

ಮರುದಿನದಿಂದ ಹೊಲಿಗೆ ಹಿಡಿದು ಗ್ಯಾರೇಜಿನಲ್ಲೇ ಕೂತಳು. ಮಗಳ ಕೋಣೆಯ ನೀಲಿ ಚೌಕಳಿಯ ಹಳೇ ಪರದೆ ಹರಿದು ಎಂಟು ತುಂಡು ಮಾಡಿ, ಒಂದೊಂದಕ್ಕೂ ಅಂಕಿ ಹೊಲಿದಳು. “ಮುದುಕರಿಗೆ ಈಗ ಮದುವೆ ಹೊಸದಾಗಿದೆ,” ಎಂದು ಗಿರಾಕಿಗಳು ತಮಾಷೆ ಮಾಡಿದರು. ಅವನು ಸ್ಪ್ಯಾನರ್ ಎತ್ತಿಕೊಂಡರೆ ಆಕೆ ಸೂಜಿ ನಿಲ್ಲಿಸುತ್ತಿದ್ದಳು. ಯಾರಾದರೂ ಇದ್ದಾಗ ಸುಮ್ಮನೆ ಕೆಮ್ಮುತ್ತಿದ್ದಳು. ಒಂದು ಕೆಮ್ಮು ಎಂದರೆ ಬೋಲ್ಟ್ ಬಿಗಿಯಾಗಿಲ್ಲ, ಎರಡು ಎಂದರೆ ಪೈಪು ಬಾಕಿ. “ಅಕ್ಕನ ಕೆಮ್ಮಿಗೆ ಮೊದಲು ಔಷಧಿ ಕೊಡ್ಸಿ ಮೇಸ್ತ್ರೀ,” ಎನ್ನುವವರೂ ಇದ್ದರು.

ಅರವತ್ತನೇ ವಯಸ್ಸಿನಲ್ಲಿ ಆಕೆ ವಿದ್ಯೆ ಕಲಿತದ್ದು ಹೀಗೆ. ಹೊಸ ಫಿಲ್ಟರಿನ ರಿಂಗಿಗೆ ಬೆರಳಿನಿಂದ ಆಯಿಲ್ ಸವರಬೇಕು. ಹೊಸ ಟರ್ಬೊ ಕೂರಿಸಿದ ಮೇಲೆ ತಕ್ಷಣ ಗಾಡಿ ಓಡಿಸಬಾರದು. “ಮೊದಲು ಅದಕ್ಕೆ ಆಯಿಲ್ ಕುಡಿಸ್ಬೇಕು, ಆಮೇಲೆ ಕೆಲಸ ಹೇಳ್ಬೇಕು,” ಎನ್ನುತ್ತಿದ್ದ ಅವನು. ಹೇಳಿದ್ದನ್ನೇ ಹತ್ತು ಸಲ ಹೇಳಿದರೂ ಆಕೆ ಮೊದಲ ಸಲ ಕೇಳುವಂತೆ ತಲೆಯಾಡಿಸುತ್ತಿದ್ದಳು. ಸಂಜೆ ಇಬ್ಬರೂ ಸೇರಿ ಎಂಟನ್ನೂ ಎಣಿಸಿಯೇ ದೀಪ ಆರಿಸುತ್ತಿದ್ದರು. ನಲವತ್ತು ವರ್ಷದ ಸಂಸಾರದಲ್ಲಿ ಆ ಒಂದು ವರ್ಷದಷ್ಟು ಇಬ್ಬರೂ ಹತ್ತಿರವಾಗಿದ್ದು ಬೇರೆ ಯಾವಾಗಲೂ ಇಲ್ಲ ಎಂದು ಅವಳಿಗೆ ಅನಿಸುತ್ತಿತ್ತು.

ಕೊನೇ ಬಸ್ಸಿನ ಮೂರನೇ ದಿನ ಅವಳಿಗೆ ಜ್ವರ ಬಂತು. “ಮಲಗು ನೀನು. ಇವತ್ತು ಬರೀ ಪೈಪು ಜೋಡಿಸೋದು,” ಎಂದು ಹೊದಿಕೆ ಎಳೆದು ಹೋದ. ಸಂಜೆ ಬಂದವನನ್ನು ಆಕೆ ಕೇಳಿದಳು: “ಎಂಟೂ ಬಂದ್ವಾ?”

“ಎಂಟೂ ಬಂದ್ವು,” ಎಂದ. ಪರೀಕ್ಷೆ ಪಾಸಾದ ಹುಡುಗನ ಮುಖವಾಗಿತ್ತು ಅದು. ಎದ್ದು ಹೋಗಿ ನೋಡಿ ಆ ಮುಖ ಕೆಡಿಸುವುದು ಬೇಡವೆಂದು ಆಕೆ ಮಗ್ಗುಲು ಬದಲಿಸಿ ಮಲಗಿದಳು.

*

ಅಂಗಳದಲ್ಲಿ ಕೊನೇ ಬಸ್ಸಿನ ಡ್ರೈವರು ಗಾಡಿಯ ಗಾಜು ಒರೆಸುತ್ತಿದ್ದ. ಆಕೆ ಸ್ಟೂಲುಗಳನ್ನು ಯಾರದೋ ಕೈಗೆ ಕೊಟ್ಟು ನೇರ ಅವನ ಬಳಿಗೆ ಹೋದಳು.

“ಗಾಡಿ ಹೇಗಿದೆಯಪ್ಪ?”

“ಬೆಣ್ಣೆ ಅಕ್ಕಾ. ನಮ್ಮ ಶೆಡ್ಡಿಗೆ ಹೋಗಿ ಇಲ್ಲಿಗೆ ಬಂದಿದ್ದಷ್ಟೇ, ಎಲ್ಲಿ ಓಡ್ಸಿದೀನಿ. ಎಳೆತ ಸ್ವಲ್ಪ ಕಮ್ಮಿ. ಟರ್ಬೊ ಸಿಳ್ಳೆನೂ ಕೇಳಿಸ್ತಿಲ್ಲ. ಹೊಸದಲ್ವಾ, ಪಳಗ್ಬೇಕು.” ಅವನು ತೋಳಿನಿಂದ ಕಣ್ಣು ಒರೆಸಿಕೊಂಡ. “ಮೂವತ್ತು ವರ್ಷ ಅಕ್ಕಾ. ಆ ಮನುಷ್ಯನ ಕೈಯಲ್ಲಿ ಒಂದೇ ಒಂದು ತಪ್ಪು ನೋಡ್ಲಿಲ್ಲ ನಾನು.”

ಪಕ್ಕದಲ್ಲಿ ನಿಂತಿದ್ದ ಎದುರು ಗ್ಯಾರೇಜಿನವನು ಈ ಮಾತಿಗೆ ಆಕಾಶ ನೋಡಿದ. ಸಣಕಲ ಮನುಷ್ಯ, ನಾಲಗೆ ಮಾತ್ರ ದಪ್ಪ. ಕಿವಿ ಮೇಸ್ತ್ರಿಗೆ ಕಿವಿ ತುಕ್ಕು ಹಿಡಿದಿದೆ, ಅದಕ್ಕೇ ಹೆಂಡತಿಯನ್ನು ಕಾವಲಿಗೆ ಕೂರಿಸಿಕೊಂಡಿದ್ದಾನೆ ಎಂದು ವರ್ಷದಿಂದ ಹೇಳಿಕೊಂಡು ತಿರುಗುತ್ತಿದ್ದವನು ಅವನೇ. ಅದು ನಿಜವಾಗಿತ್ತು ಎಂಬುದೇ ಅವಳ ಸಂಕಟ.

ಆಕೆ ಮೈದುನನ ತೋಳು ಹಿಡಿದು ಗೋಡೆಯ ಮರೆಗೆ ಎಳೆದಳು. “ಎಳೆತ ಇಲ್ಲ, ಸಿಳ್ಳೆ ಇಲ್ಲ. ಈಗ ಏನಂತೀಯ?”

ಬಿಡಿಭಾಗ ಮಾರುವವನಿಗೆ ಅಷ್ಟು ಸಾಕಾಯಿತು. ಅವನ ಮುಖದ ಬಣ್ಣ ಹೋಯಿತು. ಸ್ವಲ್ಪ ಯೋಚಿಸಿ, ಅಂಗಳದ ಮಧ್ಯಕ್ಕೆ ಬಂದು ಗಟ್ಟಿಯಾಗಿ ಹೇಳಿದ: “ಗಾಡಿ ಯಾಕೆ? ಅಣ್ಣನನ್ನ ನಾವೇ ಹೆಗಲ ಮೇಲೆ ಹೊತ್ಕೊಂಡು ಹೋಗೋಣ.”

“ಆ ಏರಿನಲ್ಲಾ?” ಎಂದು ನಿವೃತ್ತ ಮೇಷ್ಟ್ರು ಕೊಡೆ ಊರಿಕೊಂಡು ಎದ್ದರು. “ಆಮೇಲೆ ನಮ್ಮನ್ನ ಹೊರೋರು ಯಾರು?”

“ಹೊತ್ರೂ ನಾನು ಗಾಡಿ ತರ್ಲೇಬೇಕು,” ಎಂದ ಡ್ರೈವರು. “ಎರಡು ಗಂಟೆಗೆ ದಿಣ್ಣೆ ಆಚೆ ಇನ್ನೊಂದು ಮನೆಗೆ ಹೋಗ್ಬೇಕು. ಆ ಏರು ಹತ್ತದೆ ದಾರಿ ಇಲ್ಲ.”

ಮೈದುನ ಮತ್ತೆ ಅವಳ ಕಿವಿಯ ಬಳಿ ಬಂದ. “ನಿಧಾನಕ್ಕೆ ಓಡ್ಸು ಅಂತೀನಿ. ಏನೂ ಆಗಲ್ಲ. ಇನ್ನೊಂದು ಗಂಟೆ ಅತ್ತಿಗೆ. ಮಣ್ಣು ಮಾಡಿದ ಮೇಲೆ ಏನು ಬೇಕಾದ್ರೂ ಬಿಚ್ಚೋಣ. ಈಗ ಬಾನೆಟ್ ಎತ್ತಿದ್ರೆ ಆ ಸಣಕಲ ಮೂಗು ತೂರಿಸ್ತಾನೆ. ಅಣ್ಣನ ಮಾನ ನಿನ್ನ ಕೈಯಲ್ಲಿದೆ.”

ಇನ್ನೊಂದು ಗಂಟೆ. ಮಾತು ಕೊಟ್ಟದ್ದೂ ಅಲ್ಲಿಯವರೆಗೇ. ಆಕೆ ತಲೆಯಾಡಿಸಿದಳು. ಆಡಿಸಿದ ಕೂಡಲೇ ತನ್ನ ಮೇಲೆ ಅಸಹ್ಯವಾಯಿತು.

ಪೆಟ್ಟಿಗೆ ಗಾಡಿಯೊಳಗೆ ಹೋಯಿತು. ಮಗಳು ತನ್ನ ಎರಡು ವರ್ಷದ ಕೂಸನ್ನು ಎತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಎಂಜಿನ್ನು ಶುರುವಾಯಿತು. ನಲವತ್ತು ಐವತ್ತು ಜನ ಹಿಂದೆ ನಡೆದರು. ಅಂಗಡಿ ಬೀದಿ ದಾಟುವವರೆಗೂ ರಸ್ತೆ ಸಮತಟ್ಟು. ಜನ ಮೇಸ್ತ್ರಿಯ ಗುಣಗಾನ ಮಾಡುತ್ತಿದ್ದರು; ಅವಳ ಕಿವಿಗೆ ಎಂಜಿನ್ನಿನ ಶಬ್ದ ಬಿಟ್ಟು ಬೇರೆ ಏನೂ ಬೀಳುತ್ತಿರಲಿಲ್ಲ.

“ಅತ್ತಿಗೆ, ನೋಡಿದ್ಯಾ, ಚೆನ್ನಾಗೇ ಹೋಗ್ತಿದೆ,” ಎಂದ ಮೈದುನ, ತನಗೇ ಧೈರ್ಯ ಹೇಳಿಕೊಳ್ಳುವಂತೆ.

ಏರು ಬಂತು. ಡ್ರೈವರು ಗೇರು ಇಳಿಸಿ ಆಕ್ಸಿಲರೇಟರ್ ಒತ್ತಿದ. ಹಿಂದೆ ನಡೆಯುತ್ತಿದ್ದವರ ಮುಖಕ್ಕೆ ಗಪ್ಪೆಂದು ಕಪ್ಪು ಹೊಗೆ ಬಡಿಯಿತು. ಮೇಷ್ಟ್ರು ಕೆಮ್ಮಿದರು. ಗಾಡಿ ತಿಣುಕಿತು, ಆದರೆ ವೇಗ ಏರಲಿಲ್ಲ. ಡ್ರೈವರು ಇನ್ನಷ್ಟು ಒತ್ತಿದ. ಸಿಳ್ಳೆ ಬರಬೇಕಾದ ಜಾಗದಿಂದ ಪಟಪಟ ಎಂದು ಒದ್ದೆ ಬಟ್ಟೆ ಬಡಿದಂಥ ಶಬ್ದ ಕೇಳಿಸಿತು. ಮುಂದೆ ತಿರುವು. ಹಿಂದೆ ಕೊಡೆ ಊರಿಕೊಂಡ ಮೇಷ್ಟ್ರು, ಅವರ ಹಿಂದೆ ಕೈ ಕೈ ಹಿಡಿದ ಇಬ್ಬರು ಹೆಂಗಸರು, ಅವರ ಹಿಂದೆ ಉಳಿದವರೆಲ್ಲ.

ಆಕೆ ಓಡಿದಳು. ಮೈದುನ ಹಿಡಿಯಲು ಬಂದ ಕೈಯನ್ನು ಕೊಡವಿ, ಗಾಡಿಯ ಪಕ್ಕಕ್ಕೆ ಬಂದು ಗಾಜಿಗೆ ಎರಡೂ ಕೈಯಿಂದ ಬಡಿದಳು.

“ನಿಲ್ಸು! ಕಾಲೆತ್ತು, ನಿಲ್ಸು!”

ಗಾಡಿ ನಿಂತಿತು.

“ಎಂಜಿನ್ ಆರ್ಸು. ಹಿಂದಿನ ಚಕ್ರಕ್ಕೆ ಕಲ್ಲಿಡಿ ಯಾರಾದ್ರೂ. ಮಗೂನ ಕರ್ಕೊಂಡು ಇಳಿ ನೀನು.”

“ಅಮ್ಮಾ, ಏನಾಯ್ತಮ್ಮ ನಿನಗೆ?” ಮಗಳು ಅಳುತ್ತಲೇ ಇಳಿದಳು.

“ಬಾನೆಟ್ ತೆಗಿ. ಸ್ಕ್ರೂಡ್ರೈವರ್ ಕೊಡು.”

ಡ್ರೈವರು ಕನಸಿನಲ್ಲಿದ್ದವನಂತೆ ಎರಡೂ ಮಾಡಿದ. ಆಕೆ ಶಾಲು ತೆಗೆದು ಮಗಳ ಹೆಗಲಿಗೆ ಎಸೆದು, ತೋಳು ಮಡಿಸಿ, ಎಂಜಿನ್ನಿನ ಹಿಂಬದಿಗೆ ಮೊಣಕೈವರೆಗೂ ಕೈ ಇಳಿಸಿದಳು. ಪೈಪಿನ ಪಟ್ಟಿಯ ಸ್ಕ್ರೂ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ನಾಲ್ಕು ಸುತ್ತು ಬಿಚ್ಚಿದಳು. ಪೈಪು ಬಿಗಿಯಾಗಿ ಕೂತಿತ್ತು. ಅದನ್ನು ಕೂರಿಸಿದ ಕೈ ಒಳ್ಳೆಯ ಕೆಲಸಗಾರನ ಕೈ. ಒಂದು ಕಾಲು ಬಂಪರಿಗೆ ಒತ್ತಿ ಎಳೆದಳು. ಪೈಪು ಬಂತು. ಒಳಗೆ ನೀಲಿ ಚೌಕಳಿಯ ಬಟ್ಟೆ.

ಆಕೆ ಅದನ್ನು ಮೆಲ್ಲಗೆ ಹೊರಗೆಳೆದಳು. ಒಂದು ಅಂಚನ್ನು ಚಕ್ರ ಆಗಲೇ ಕಚ್ಚಿ ಎಳೆಎಳೆ ಮಾಡಿತ್ತು. ಇನ್ನೊಂದು ಮೂಲೆಯಲ್ಲಿ ಕೆಂಪು ಆರು ಹಾಗೇ ಇತ್ತು.

 ಮೈದುನ ನೆಲ ನೋಡುತ್ತಿದ್ದ. ಎದುರು ಗ್ಯಾರೇಜಿನವನು ಜನರನ್ನು ಸರಿಸಿಕೊಂಡು ಮುಂದೆ ಬಂದು, ಬಟ್ಟೆ ನೋಡಿ, ಬಗ್ಗಿ ಟರ್ಬೊದ ಬಾಯಿಗೆ ಬೆರಳು ಹಾಕಿ ಚಕ್ರ ತಿರುಗಿಸಿದ.

“ಎಳೆ ಏನೂ ಒಳಗೆ ಉಳಿದಿಲ್ಲ. ರೆಕ್ಕೆಗೆ ಏನೂ ಆಗಿಲ್ಲ,” ಎಂದ. ಆಮೇಲೆ ಅವಳತ್ತ ತಿರುಗಿ, “ಅಂದ್ರೆ ಮೇಸ್ತ್ರಿಗೆ...” ಎಂದು ಅರ್ಧಕ್ಕೇ ನಿಲ್ಲಿಸಿದ.

“ಹೌದು,” ಎಂದಳು ಆಕೆ. ಗಾಡಿಯೊಳಗಿನ ಪೆಟ್ಟಿಗೆಯ ಕಡೆ ಒಮ್ಮೆ ನೋಡಿದಳು. “ಒಂದು ವರ್ಷದಿಂದ ಮರೆವು. ಯಾರಿಗೂ ಹೇಳ್ಬೇಡ ಅಂದಿದ್ರು, ಹೇಳಿರ್ಲಿಲ್ಲ. ದಿನಾ ಎಣಿಸೋಳು ನಾನು. ಆವತ್ತು ಜ್ವರ ಅಂತ ಮಲಗಿಬಿಟ್ಟೆ. ತಪ್ಪು ಎಣಿಸದೇ ಇದ್ದೋಳದ್ದು. ಊರಿಗೆ ಹೇಳೋದಿದ್ರೆ ಅದನ್ನೂ ಸೇರ್ಸಿ ಹೇಳಿ.”

ಎದುರು ಗ್ಯಾರೇಜಿನವನು ತನ್ನ ಬೆರಳಿಗೆ ಹತ್ತಿದ ಮಸಿ ನೋಡಿಕೊಂಡ.

“ಒಂದು ವರ್ಷದಲ್ಲಿ ನಿಮ್ಮಲ್ಲಿ ರಿಪೇರಿಯಾದ ಹನ್ನೊಂದು ಗಾಡಿ ನನ್ನ ಹತ್ರ ಬಂದಿವೆ,” ಎಂದ ಕೊನೆಗೆ. “ಹನ್ನೊಂದನ್ನೂ ಬಿಚ್ಚಿ ನೋಡಿದೀನಿ ಅಕ್ಕಾ. ತಪ್ಪು ಹುಡುಕೋಕೇ ಬಿಚ್ಚಿದ್ದು. ಒಂದೂ ಸಿಗ್ಲಿಲ್ಲ.”

ಡ್ರೈವರು ಮೂಗು ಒರೆಸಿಕೊಂಡು ಪೈಪು ಎತ್ತಿಕೊಳ್ಳಲು ಬಗ್ಗಿದ. ಎದುರು ಗ್ಯಾರೇಜಿನವನು ಅವನ ಕೈ ತಡೆದು, “ಅವರೇ ಹಾಕ್ಲಿ,” ಎಂದ.

ಆಕೆ ಹಾಕಿದಳು. ಪಟ್ಟಿ ಬಿಗಿದು, ಬೆರಳಿನಿಂದ ಸುತ್ತ ಸವರಿ ನೋಡಿ, ಮತ್ತೆ ಅರ್ಧ ಸುತ್ತು ಬಿಗಿದಳು. ಬಟ್ಟೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಂಜಿನ್ನು ಶುರುವಾಯಿತು. ಡ್ರೈವರು ಮೆಲ್ಲಗೆ ಆಕ್ಸಿಲರೇಟರ್ ಒತ್ತಿದಾಗ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ತೆಳ್ಳಗೆ, ಎಲ್ಲೋ ದೂರದಲ್ಲಿ ಯಾರೋ ಹಾಕುವಂತೆ, ಸಿಳ್ಳೆ ಎದ್ದಿತು. ಆಗ ಅವಳಿಗೆ ಅಳು ಬಂತು. ಎರಡು ದಿನದಲ್ಲಿ ಅದೇ ಮೊದಲು.

*

ದಿಣ್ಣೆಯ ಮೇಲೆ ಎಲ್ಲ ಬೇಗ ಮುಗಿಯಿತು. ಪೆಟ್ಟಿಗೆ ಇಳಿಯಿತು, ಮಣ್ಣು ಬಿತ್ತು, ಮಣ್ಣಿನ ಮೇಲೆ ಹೂವು ಬಿತ್ತು. ಜನ ಅವಳ ಕೈ ಹಿಡಿದು ಎರಡು ಮಾತು ಹೇಳಿ ಹೊರಡಲು ಸಾಲಾಗಿ ನಿಂತರು.

ಆಕೆ ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಬೆರಳ ಸಂದಿಯಿಂದ ಮೊಣಕೈವರೆಗೂ ಆಯಿಲ್ ಬೆರೆತ ಮಸಿ. “ಬೇಡ, ಕೈ ಕೊಳೆಯಾಗಿದೆ,” ಎಂದಳು.

ಸಾಲಿನ ಮೊದಲಲ್ಲಿ ಮೈದುನ ಇದ್ದ. ಅವನು ಅವಳ ಬೆನ್ನ ಹಿಂದಿನಿಂದ ಕೈಗಳನ್ನು ತಾನೇ ಎಳೆದು ತಂದು, ತನ್ನ ಎರಡೂ ಕೈಯಲ್ಲಿ ಹಿಡಿದು, ಬಿಳಿ ಅಂಗಿಯ ಎದೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅವನ ಹಿಂದೆ ಡ್ರೈವರು. ಅವನ ಹಿಂದೆ ಎದುರು ಗ್ಯಾರೇಜಿನವನು. ಆಮೇಲೆ ಮೇಷ್ಟ್ರು, ಇಬ್ಬರು ಹೆಂಗಸರು, ಉಳಿದವರೆಲ್ಲ. ಯಾರೂ ಆ ಕೈ ಹಿಡಿಯದೆ ಹೋಗಲಿಲ್ಲ.

ಗೇಟಿನ ಪಕ್ಕದಲ್ಲಿ ಒಂದು ನಲ್ಲಿಯಿತ್ತು, ಕಟ್ಟೆಯ ಮೇಲೆ ಸೋಪಿನ ಚೂರೂ ಇತ್ತು. ಜನ ಅದನ್ನು ದಾಟಿ ನಡೆದರು. ಮೇಷ್ಟ್ರು ಕೊಡೆಯನ್ನು ಎಡಗೈಗೆ ಬದಲಾಯಿಸಿಕೊಂಡರು. ಏರಿನ ಉದ್ದಕ್ಕೂ, ಬಲಗೈಯನ್ನು ಬಟ್ಟೆಗೆ ತಾಗದಂತೆ ಮೈಯಿಂದ ತುಸು ದೂರ ಹಿಡಿದು, ಕಪ್ಪು ಅಂಗೈ ಬಿಚ್ಚಿಕೊಂಡು, ಒಬ್ಬರ ಹಿಂದೆ ಒಬ್ಬರು ಕೆಳಗಿಳಿಯುತ್ತಿದ್ದರು.